ಮೀಟರಿನ ಲೆಕ್ಕ



ವಿಮಾನ ನಿಲ್ದಾಣಕ್ಕೆ ಹೋಗಿ ಬರುವ ಕೆಲಸವು ಈಚಿನ ವರ್ಷಗಳಲ್ಲಿ ನಮ್ಮಂಥ ಹಳ್ಳಿಯ ಮನೆತನದವರಿಗೂ ಒದಗಿಬಂದಿದೆ. ಮಗನನ್ನೋ ಮಗಳನ್ನೋ ಪರದೇಶಕ್ಕೆ ಕಳಿಸಿಕೊಡುವುದು, ಎರಡು ಮೂರು ವರ್ಷಗಳ ತರುವಾಯ ಮೊಮ್ಮಕ್ಕಳನ್ನು ಎತ್ತಿಕೊಂಡು ಬರುವವರನ್ನು ಎದುರುಗೊಳ್ಳುವುದು, ಇವೆರಡರಲ್ಲಿ ಒಂದಾದರೂ ತಮ್ಮಲ್ಲಿ ಅನೇಕರಿಗೆ ಅನುಭವವಿದ್ದೇ ಇರುತ್ತದೆ. ವಿಮಾನ ಪ್ರಯಾಣವನ್ನು ಕುರಿತು ಬಲ್ಲವರು ಸಾಕಷ್ಟು ಬರೆದಿದ್ದಾರೆ. ನಾನು ಹೇಳಲಿಚ್ಛಿಸುವುದು ಅದಕ್ಕಿಂತ ಬಹಳ ಚಿಕ್ಕದಾದ ಪ್ರಯಾಣವನ್ನು ಕುರಿತು. ಊರಿನಿಂದ ವಿಮಾನ ನಿಲ್ದಾಣದವರೆಗೆ ಬಾಡಿಗೆಯ ಮೋಟಾರಿನಲ್ಲಿ, ಮೀಟರಿನ ಎದುರಿಗೆ ಕುಳಿತು ಕಳೆಯುವ ಒಂದು ತಾಸನ್ನು ಕುರಿತು. ಆ ಒಂದು ತಾಸಿನಲ್ಲಿ ನಾನು ಒಬ್ಬ ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಇಪ್ಪತ್ತೆರಡು ವರ್ಷಗಳಿಂದ ಯಾರೊಡನೆಯೂ ಹೇಳಿಕೊಂಡಿರಲಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನು ಗುಣಾಕಾರದಲ್ಲಿ ತಪ್ಪಿದೆನೆಂದು ಹೇಳಿಕೊಳ್ಳಲು ನಾಚಿಕೆಯೇ ಅಡ್ಡ ಬಂದಿರಬೇಕು.

೨೦೦೩ನೆಯ ಇಸವಿ. ನನ್ನ ಮಗನು ಉನ್ನತ ವ್ಯಾಸಂಗಕ್ಕೆಂದು ಅಮೇರಿಕೆಗೆ ಹೊರಟಿದ್ದನು. ಅದಕ್ಕಾಗಿ ನಾಲ್ಕು ಎಕರೆ ಎರೆಹೊಲವನ್ನು ಮಾರಿದ್ದೆವು. ಬ್ಯಾಂಕಿನ ಸಾಲ ಬೇರೆ. ಅವನ ವಿಮಾನವು ಮುಂಬಯಿಯಿಂದ ಬೆಳಗಿನ ಜಾವಕ್ಕೆ ಹೊರಡತಕ್ಕದ್ದು. ನಾವು ತಂದೆ ಮಕ್ಕಳಿಬ್ಬರೂ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಹೋಗಿ, ಮಾಟುಂಗಾದಲ್ಲಿದ್ದ ಬೀಗರ ಕಡೆಯ ಒಬ್ಬ ಸಂಬಂಧಿಕರ ಮನೆಯಲ್ಲಿ ಇಳಿದುಕೊಂಡಿದ್ದೆವು. ಅವರಿಗೆ ಅಂದು ರಾತ್ರಿ ಪಾಳಿ. ಹೊರಡುವ ಮುನ್ನ ಅವರು, "ಸಹಾರ್ ವಿಮಾನ ನಿಲ್ದಾಣಕ್ಕ ಟ್ಯಾಕ್ಸಿ ಹಿಡೀರಿ ಸರ, ನೂರಾ ಇಪ್ಪತ್ತರ ತನಕ ಆದೀತು. ಮೀಟರಿನ ಪ್ರಕಾರ ಕೊಡ್ರಿ, ಮಾತಾಡಕ್ಕ ಹೋಗಬ್ಯಾಡ್ರಿ" ಎಂದು ಹೇಳಿ ಹೋಗಿದ್ದರು. ಒಳ್ಳೆಯ ಮಾತೇ. ಆದರೆ ಅವರು ಹೇಳಿದ್ದು ಹಗಲಿನ ದರವನ್ನು. ನಾವು ಹೊರಟದ್ದು ರಾತ್ರಿ ಹನ್ನೆರಡೂ ಕಾಲಿಗೆ.

ಮುಂಬಯಿಯ ಆ ಕಾಲದ ಟ್ಯಾಕ್ಸಿಗಳನ್ನು ತಾವು ಕಂಡಿರಬಹುದು. ಕಪ್ಪು ಮೈ, ಹಳದಿ ನೆತ್ತಿ. ಬಹುಪಾಲು ಪ್ರೀಮಿಯರ್ ಪದ್ಮಿನಿ ಕಾರುಗಳು. ಫಿಯಟ್ ಎಂದೇ ಜನ ಕರೆಯುತ್ತಿದ್ದರು. ಕುರ್ಲಾದ ಕಾರಖಾನೆಯಲ್ಲಿ ತಯಾರಾಗುತ್ತಿದ್ದವು. ಮೀಟರು ಒಳಗೆ ಇರುತ್ತಿರಲಿಲ್ಲ. ಹೊರಗೆ, ಮುಂದಿನ ಎಡಭಾಗದಲ್ಲಿ, ಒಂದು ಕಬ್ಬಿಣದ ಪೆಟ್ಟಿಗೆಯಂತೆ ಅಂಟಿಕೊಂಡಿರುತ್ತಿತ್ತು. ಚಾಲಕನು ಕೈಯನ್ನು ಹೊರಚಾಚಿ ಅದರ ಹಿಡಿಕೆಯನ್ನು ಕೆಳಗೆ ತಿರುವಿದನೆಂದರೆ ಗಂಟೆಯೊಂದು ಠಣ್ಣೆಂದು, ಸವಾರಿ ಆರಂಭವಾಯಿತೆಂದು ಅರ್ಥ. ದ್ವೀಪದ ಭಾಗವಾದ ಹಳೆಯ ನಗರದಲ್ಲಿ ಆಟೋರಿಕ್ಷಾಗಳಿಗೆ ಪ್ರವೇಶವಿಲ್ಲವಾದ್ದರಿಂದ ಮಾಟುಂಗಾದಂಥ ಕಡೆ ಟ್ಯಾಕ್ಸಿಯೇ ಗತಿ. ಇಂದಿಗೂ ಆ ನಿಯಮ ಹಾಗೆಯೇ ಇದೆ.

ನಮಗೆ ದೊರೆತ ಚಾಲಕರು ಅರವತ್ತು ದಾಟಿದ ಮನುಷ್ಯರು. ಮುಖದಲ್ಲಿ ಬಿಳಿಯ ಕುರುಚಲು ಗಡ್ಡ, ಮೈಮೇಲೆ ಖಾಕಿ ಅಂಗಿ. ಉತ್ತರ ಪ್ರದೇಶದ ಜೌನಪುರದ ಕಡೆಯವರೆಂದು ದಾರಿಯಲ್ಲಿ ತಿಳಿಯಿತು. ಮಗನ ಎರಡು ದೊಡ್ಡ ಪೆಟ್ಟಿಗೆಗಳನ್ನು ತಾವೇ ಎತ್ತಿ ಮೇಲಿನ ಕ್ಯಾರಿಯರಿಗೆ ಏರಿಸಿ ಹಗ್ಗದಿಂದ ಬಿಗಿದರು. ಮಗನು ನೆರವಿಗೆ ಹೋದರೆ ಅಂಗಿ ಕೊಳೆಯಾಗುತ್ತದೆಂದು ಬೇಡವೆಂದರು. ಮಾಹೀಮಿನ ಖಾರಿಯನ್ನು ದಾಟಿ, ಪಶ್ಚಿಮದ ಹೆದ್ದಾರಿಯನ್ನು ಹಿಡಿದು ಹೋಗುವಾಗ, ಹುಡುಗ ಎಲ್ಲಿಗೆ ಹೊರಟಿದ್ದಾನೆ, ಎಷ್ಟು ವರ್ಷ, ತಾಯಿ ಏಕೆ ಬರಲಿಲ್ಲ ಎಂದೆಲ್ಲ ಕೇಳಿದರು. ನನ್ನ ಹಿಂದಿ ಅಷ್ಟಕ್ಕಷ್ಟೇ. ಮಗನೇ ಉತ್ತರಿಸುತ್ತಿದ್ದನು. ನನ್ನ ದೃಷ್ಟಿಯೆಲ್ಲ ಆ ಮೀಟರಿನ ಮೇಲೆ. ಹೊಲ ಮಾರಿ ಬಂದವನಿಗೆ ಉರುಳುವ ಅಂಕೆಗಳಲ್ಲದೆ ಮತ್ತೇನು ಕಂಡೀತು?

ಸಹಾರಿನಲ್ಲಿ ಇಳಿದಾಗ ಮೀಟರು ತೋರಿಸುತ್ತಿದ್ದುದು ೯ ರೂಪಾಯಿ ೨೦ ಪೈಸೆ. ಚಾಲಕರು ಕೇಳಿದ್ದು ೧೫೦ ರೂಪಾಯಿ.

ಸ್ವಲ್ಪ ವಿಚಾರಿಸಿ ನೋಡಿ. ಮೀಟರು ಒಂಬತ್ತು ಎನ್ನುತ್ತದೆ. ಸಂಬಂಧಿಕರು ನೂರಾ ಇಪ್ಪತ್ತು ಎಂದಿದ್ದರು. ಈ ಮನುಷ್ಯ ನೂರಾ ಐವತ್ತು ಕೇಳುತ್ತಾನೆ. ಮೂರು ಸಂಖ್ಯೆಗಳು, ಒಂದಕ್ಕೊಂದು ತಾಳೆಯಿಲ್ಲ. ತರಗತಿಯಲ್ಲಾಗಿದ್ದರೆ ಇವುಗಳ ನಡುವೆ ಸಂಬಂಧವೇನಿರಬಹುದೆಂದು ಮಕ್ಕಳನ್ನು ಯೋಚಿಸಲು ಹಚ್ಚುತ್ತಿದ್ದೆ. ಅಲ್ಲಿ ಯೋಚಿಸಲಿಲ್ಲ. ಎಲ್ಲಕ್ಕಿಂತ ಹೀನವಾದ ಅರ್ಥವನ್ನೇ ಮೊದಲು ಹಿಡಿದೆ. ಪರವೂರಿನವರೆಂದು, ಅವಸರದಲ್ಲಿದ್ದಾರೆಂದು ಸುಲಿಯುತ್ತಿದ್ದಾನೆ ಎಂದುಕೊಂಡೆ. ಏರಿದ ದನಿಯಲ್ಲಿ ಕನ್ನಡದಲ್ಲಿ ಏನೇನೋ ಅಂದೆ. ಅದು ಅವರಿಗೆ ತಿಳಿಯಲಿಲ್ಲ. ಕೊನೆಗೆ, ತಿಳಿಯಲಿ ಎಂದೇ, "ಚೋರ್" ಎಂದೆ. ಸುತ್ತಲಿನ ನಾಲ್ಕಾರು ಜನ ತಿರುಗಿ ನೋಡಿದರು. ತಮ್ಮ ಮಕ್ಕಳನ್ನು ಕಳಿಸಲು ಬಂದವರೇ ಅವರೂ.

ಆ ಮುದುಕರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಈಗ ಇಷ್ಟು ಭಾರವೆನಿಸುತ್ತಿರಲಿಲ್ಲವೇನೋ. ಸೂರ್ಯನ ಬಿಸಿಲು ತಡೆಯುವ ಮರೆಯ ಹಿಂದಿನಿಂದ ಮಡಿಚಿದ ಒಂದು ಕಾರ್ಡನ್ನು ತೆಗೆದು, ಬಿಡಿಸಿ, ಬೆರಳಿಟ್ಟು ತೋರಿಸಿದರು. ಎಡಗಡೆ ಮೀಟರಿನ ಅಂಕೆ, ನಡುವೆ ಹಗಲಿನ ಬಾಡಿಗೆ, ಬಲಗಡೆ ರಾತ್ರಿಯ ಬಾಡಿಗೆ. ೯.೨೦ರ ಮುಂದೆ ಹಗಲಿಗೆ ೧೨೦, ರಾತ್ರಿಗೆ ೧೫೦. "ಇದನ್ನು ಬರೆದವನು ನಾನಲ್ಲ, ಸರಕಾರ" ಎಂದು ಹಿಂದಿಯಲ್ಲಿ ಹೇಳಿದರು. ಮಗನು ಕಾರ್ಡನ್ನು ಇಣುಕಿ ನೋಡಿ, ನನ್ನ ಕಿವಿಯ ಹತ್ತಿರ ಬಂದು, "ಲೆಕ್ಕ ಬರೋಬರಿ ಐತ್ರಿ ಅಪ್ಪ. ಹನ್ನೆರಡರ ಮ್ಯಾಲ ಕಾಲು ಪಾಲು ಹೆಚ್ಚಿಗಿ" ಎಂದನು. ನೂರಾ ಇಪ್ಪತ್ತಕ್ಕೆ ಅದರ ಕಾಲು ಪಾಲು ಮೂವತ್ತು. ಐದನೆಯ ಇಯತ್ತೆಯ ಲೆಕ್ಕ!

ನಾನು ಎರಡು ನೂರರ ನೋಟುಗಳನ್ನು ಕೊಟ್ಟೆ. ಅವರು ಐವತ್ತನ್ನು ಎಣಿಸಿ ನನ್ನ ಅಂಗೈಯಲ್ಲಿಟ್ಟರು. ಅಷ್ಟರಲ್ಲಿ ಪೊಲೀಸನು ಸೀಟಿ ಊದುತ್ತ, ಗಾಡಿ ನಿಲ್ಲಿಸಬೇಡ ಮುಂದೆ ಹೋಗು ಎಂದು ಬಾನೆಟ್ಟನ್ನು ತಟ್ಟಿದನು. ಅವರು ಮಗನ ಕಡೆ ತಿರುಗಿ ಕೈಯೆತ್ತಿ ಒಳ್ಳೆಯದಾಗಲಿ ಎಂಬಂತೆ ಏನೋ ಹೇಳಿ ಹೊರಟೇಹೋದರು. ಕ್ಷಮಿಸಿ ಎನ್ನಲು ಹಿಂದಿಯಲ್ಲಿ ಏನೆನ್ನಬೇಕೆಂದು ನಾನು ಹುಡುಕುತ್ತಿರುವಷ್ಟರಲ್ಲಿ ಆ ಗಾಡಿಯ ಕೆಂಪು ದೀಪ ಬೇರೆ ನೂರು ದೀಪಗಳಲ್ಲಿ ಸೇರಿಹೋಗಿತ್ತು. ಕೆಳಗೆ ನೋಡಿದರೆ ಅವರ ಕಾರ್ಡು ನನ್ನ ಕೈಯಲ್ಲಿಯೇ ಉಳಿದಿತ್ತು.

ಮಗನು ಕಾಲಿಗೆರಗಿ ಒಳಗೆ ನಡೆದನು. ಬಾಗಿಲಿನಾಚೆ ನಮಗೆ ಪ್ರವೇಶವಿರಲಿಲ್ಲ. ಮೊದಲ ಬಾರಿ ಅಷ್ಟು ದೂರ ಹೋಗುವ ಮಗನಿಗೆ ತಂದೆಯಾದವನು ಹೇಳಬೇಕೆಂದು ಬಸ್ಸಿನಲ್ಲಿ ಇಡೀ ರಾತ್ರಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದನ್ನೂ ಹೇಳಲಾಗಲಿಲ್ಲ. ಅವನು ನನ್ನಿಂದ ಕೊನೆಯದಾಗಿ ಕೇಳಿಕೊಂಡು ಹೋದ ಗಟ್ಟಿ ಮಾತೆಂದರೆ ಆ "ಚೋರ್" ಎಂಬುದೇ.

ಮರುದಿನ ಸಂಬಂಧಿಕರಿಗೆ ಅಳುಕುತ್ತಲೇ ವಿಷಯ ತಿಳಿಸಿದೆ. ಅವರು ನಕ್ಕು, "ಲಗೇಜಿಗೆ ಏನು ತಗೊಂಡ?" ಎಂದರು. ಪೆಟ್ಟಿಗೆಯೊಂದಕ್ಕೆ ಇಷ್ಟೆಂದು ಬೇರೆ ಕೊಡಬೇಕಾಗುತ್ತದೆಂದು ನನಗೆ ಆಗಲೇ ಗೊತ್ತಾದದ್ದು. ಚಾಲಕರು ಅದನ್ನು ಕೇಳಿಯೇ ಇರಲಿಲ್ಲ.

ಇಲ್ಲಿ ಮೀಟರಿನ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳುವುದು ಅವಶ್ಯ. ನನ್ನಂತೆ ಮತ್ತೊಬ್ಬರು ಎಡವಬಾರದಷ್ಟೆ. ಟ್ಯಾಕ್ಸಿ ಎಂಬ ಹೆಸರೇ ಟ್ಯಾಕ್ಸಿಮೀಟರ್ ಎಂಬ ಯಂತ್ರದಿಂದ ಬಂದುದು. ಮೊದಲು ಯಂತ್ರ, ಆಮೇಲೆ ಗಾಡಿಗೆ ಆ ಹೆಸರು. ಜರ್ಮನಿಯ ಬ್ರೂನ್ ಎಂಬವರು ೧೮೯೧ರಲ್ಲಿ ಇದನ್ನು ರೂಪಿಸಿದರೆಂದು ಹೇಳುತ್ತಾರೆ. ೧೮೯೭ರಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ಮೀಟರು ಜೋಡಿಸಿದ ಮೋಟಾರು ಗಾಡಿ ಬಾಡಿಗೆಗೆ ಓಡಿತು. ಅದಕ್ಕೆ ಮುಂಚೆ ಕುದುರೆಗಾಡಿಯವನಿಗೂ ಸವಾರನಿಗೂ ಪ್ರತಿ ಸಲವೂ ಚೌಕಾಸಿ. ಗಾಲಿಯ ಸುತ್ತುಗಳನ್ನು ಹಲ್ಲಿನ ಚಕ್ರಗಳ ಮೂಲಕ ಎಣಿಸಿ ದೂರವನ್ನು ಹೇಳುವುದು ಮೀಟರಿನ ಒಂದು ಕೆಲಸ. ಗಾಡಿ ನಿಂತಾಗ ಅಥವಾ ತೀರ ನಿಧಾನವಾಗಿ ತೆವಳುವಾಗ ಗಡಿಯಾರದಂತೆ ಕಾಲವನ್ನು ಎಣಿಸುವುದು ಇನ್ನೊಂದು ಕೆಲಸ. ಗಾಡಿ ನಿಂತಿದ್ದರೂ ಅಂಕೆ ಉರುಳುತ್ತದೆಂದು ನಾವು ಬೆಚ್ಚುತ್ತೇವಲ್ಲ, ಅದು ಮೋಸವಲ್ಲ. ಕಾಯುವುದಕ್ಕೂ ಬೆಲೆಯುಂಟೆಂದು ಯಂತ್ರಕ್ಕೆ ಮೊದಲೇ ಹೇಳಿಕೊಟ್ಟಿರುತ್ತಾರೆ. ತೂಕ, ಅಳತೆಗಳನ್ನು ಪರೀಕ್ಷಿಸುವ ಸರಕಾರದ ಇಲಾಖೆಯವರೇ ಮೀಟರನ್ನೂ ಪರೀಕ್ಷಿಸಿ ಸೀಲು ಹಾಕುತ್ತಾರೆ. ಕಿರಾಣಿ ಅಂಗಡಿಯ ತಕ್ಕಡಿಗೂ ಟ್ಯಾಕ್ಸಿಯ ಮೀಟರಿಗೂ ಕಾನೂನಿನ ದೃಷ್ಟಿಯಲ್ಲಿ ಒಂದೇ ಗೋತ್ರ.

ಹಾಗಾದರೆ ಒಂಬತ್ತು ರೂಪಾಯಿಗೆ ನೂರಾ ಐವತ್ತು ಏಕೆ? ಈ ಪ್ರಶ್ನೆಯನ್ನು ನಾನು ಕೇಳಲಿಲ್ಲ, ನನ್ನ ವಿದ್ಯಾರ್ಥಿಯೊಬ್ಬ ಕೇಳಿದ. ಊರಿಗೆ ಮರಳಿದ ಮೇಲೆ ಆ ಕಾರ್ಡನ್ನು ಮುಂದಿಟ್ಟುಕೊಂಡು ಏಳನೆಯ ಇಯತ್ತೆಯ ಮಕ್ಕಳಿಗೆ ಒಂದು ಲೆಕ್ಕ ಹಾಕಿಕೊಟ್ಟೆ: ಮೀಟರಿನ ಅಂಕೆ ೯.೨೦, ಹಗಲಿನ ಬಾಡಿಗೆ ೧೨೦, ರಾತ್ರಿ ಶೇಕಡಾ ೨೫ ಹೆಚ್ಚು, ಒಟ್ಟು ಎಷ್ಟು? ಎಲ್ಲರೂ ಮಾಡಿದರು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, "ಸರ, ಕೊಡೋ ರೊಕ್ಕಾನ ಮೀಟರಿನ್ಯಾಗ ಯಾಕ ಬರಿಯಂಗಿಲ್ರಿ?" ಎಂದ. ಉತ್ತರ ನನಗೆ ತಿಳಿದಿರಲಿಲ್ಲ. ಮುಂಬಯಿಗೆ ಪತ್ರ ಬರೆದು ತಿಳಿದುಕೊಂಡೆ. ಆ ಮೀಟರು ಕೀಲಿ ಕೊಡುವ ಗಡಿಯಾರದ ಜಾತಿಯದು. ದರವು ಅದರ ಹಲ್ಲುಗಳಲ್ಲಿಯೇ ಕೂತಿರುತ್ತದೆ. ಸರಕಾರ ದರ ಏರಿಸಿದಾಗಲೆಲ್ಲ ಸಾವಿರಾರು ಮೀಟರುಗಳನ್ನು ಬಿಚ್ಚಿ, ಹಲ್ಲಿನ ಚಕ್ರ ಬದಲಿಸಿ, ಪರೀಕ್ಷಿಸಿ, ಮತ್ತೆ ಸೀಲು ಹಾಕಬೇಕು. ಅದಕ್ಕಿಂತ ಒಂದು ಕಾರ್ಡನ್ನು ಅಚ್ಚು ಹಾಕಿಸುವುದು ಸುಲಭ. ಹೀಗಾಗಿ ಮೀಟರು ಹಳೆಯ ಕಾಲದ ರೂಪಾಯಿಯಲ್ಲಿಯೇ ಉಳಿಯಿತು, ಕಾರ್ಡು ಮಾತ್ರ ಹೊಸದಾಗುತ್ತ ಹೋಯಿತು. ೨೦೧೦ರ ನಂತರದ ಕೆಲವು ವರ್ಷಗಳಲ್ಲಿ ವಿದ್ಯುನ್ಮಾನ ಮೀಟರುಗಳು ಬಂದು, ಕೊಡಬೇಕಾದ ಹಣವೇ ಕೆಂಪಕ್ಷರದಲ್ಲಿ ಕಾಣುವಂತಾಯಿತು.

ಹುಡುಗನ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಸರಕಾರದ ಅನುಕೂಲಕ್ಕಾಗಿ ಮಾಡಿದ ಏರ್ಪಾಡಿನಿಂದ ದಿನವೂ ಅದೆಷ್ಟು ಚಾಲಕರು ಪರಸ್ಥಳದವರಿಂದ ಕಳ್ಳರೆನ್ನಿಸಿಕೊಂಡರೋ! ಆದರೆ ಏರ್ಪಾಡು ಕೆಟ್ಟದ್ದಾಗಿತ್ತೆಂಬುದು ನನ್ನ ನಾಲಿಗೆಗೆ ಸಮಾಧಾನವಾಗಲಾರದು.

ಇನ್ನು ನಮ್ಮ ಬೆಂಗಳೂರಿನ ವಿಷಯ. ಅಲ್ಲಿ ಮೀಟರೆಂದರೆ ಬಹುಕಾಲ ಆಟೋರಿಕ್ಷಾದ ಮೀಟರೇ. ಎಚ್.ಎ.ಎಲ್. ವಿಮಾನ ನಿಲ್ದಾಣವಿದ್ದ ಕಾಲಕ್ಕೆ ಊರೊಳಗಿನಿಂದ ಆಟೋದಲ್ಲಿಯೇ ಹೋಗಿಬಿಡಬಹುದಾಗಿತ್ತು. ೨೦೦೮ರ ಮೇ ತಿಂಗಳಲ್ಲಿ ನಾಗರಿಕ ವಿಮಾನಗಳೆಲ್ಲ ದೇವನಹಳ್ಳಿಯ ಬಳಿಯ ಹೊಸ ನಿಲ್ದಾಣಕ್ಕೆ ಹೋದ ಮೇಲೆ ಮೆಜೆಸ್ಟಿಕ್ಕಿನಿಂದ ಹೆಚ್ಚುಕಡಿಮೆ ಮೂವತ್ತೈದು ಕಿಲೋಮೀಟರಿನ ಪ್ರಯಾಣವಾಯಿತು. ೨೦೦೯ರಲ್ಲಿ ಮಗನು ಮೊದಲ ಸಲ ಹೆಂಡತಿ ಮಗುವಿನೊಡನೆ ಬಂದಾಗ ನಾನು ವಾಯುವಜ್ರ ಬಸ್ಸಿನಲ್ಲಿ ಹೋಗಿ ಎದುರುಗೊಂಡೆ. ಮರಳುವಾಗ ಸಾಮಾನು ಬಹಳವಿದ್ದುದರಿಂದ ಮೀಟರಿನ ಟ್ಯಾಕ್ಸಿ. ಅಂಕೆಗಳು ಚಾಲಕನ ಪಕ್ಕದಲ್ಲಿಯೇ ರೂಪಾಯಿಯಾಗಿ ಹೊಳೆಯುತ್ತಿದ್ದವು. ಮಗನು ಅದನ್ನು ನೋಡಿ, "ಈಗ ಗುಣಾಕಾರ ಮಾಡೂದು ಬ್ಯಾಡ್ರಿ ಅಪ್ಪ" ಎಂದು ನಕ್ಕನು. ಆರು ವರ್ಷಗಳ ನಂತರವೂ ಮರೆತಿರಲಿಲ್ಲ. ಅವನ ಹೆಂಡತಿ ಏನು ವಿಷಯವೆಂದು ಕೇಳಿದಳು, ಅವನು ಹೇಳಲಿಲ್ಲ. ಆ ಒಂದು ಉಪಕಾರವನ್ನು ನನಗೆ ಮಾಡಿದನು.

ಆ ಚಾಲಕನು ಕೋಲಾರದ ಕಡೆಯ ತರುಣ. ನಿಲ್ದಾಣದಲ್ಲಿ ಸವಾರಿಗಾಗಿ ಎಷ್ಟು ಹೊತ್ತು ಸರದಿಯಲ್ಲಿ ನಿಂತಿದ್ದೆಯಪ್ಪಾ ಎಂದು ಕೇಳಿದೆ. ಮೂರು ತಾಸು ಎಂದನು. ಆ ಮೂರು ತಾಸು ಯಾವ ಮೀಟರಿನಲ್ಲಿಯೂ ಇಲ್ಲ. ವಿಮಾನ ನಿಲ್ದಾಣದಿಂದ ಹತ್ತಿರದ ಊರಿಗೆ ಬರಲೊಲ್ಲೆನೆಂದು ಚಾಲಕರು ಮುಖ ತಿರುಗಿಸುವುದನ್ನು ನಾವು ದೂರುತ್ತೇವೆ. ದೂರುವುದು ತಪ್ಪಲ್ಲ, ಸವಾರಿ ನಿರಾಕರಿಸುವುದು ನಿಯಮಕ್ಕೆ ವಿರುದ್ಧ. ಆದರೆ ಮೂರು ತಾಸು ಕಾದವನಿಗೆ ಮೂರು ಕಿಲೋಮೀಟರಿನ ಬಾಡಿಗೆ ಸಿಕ್ಕು, ಮತ್ತೆ ಸರದಿಯ ತುದಿಗೆ ಹೋಗಿ ನಿಲ್ಲಬೇಕಾದಾಗ ಏನಾಗುತ್ತದೆಂಬುದನ್ನು ಅಂದು ಮೊದಲ ಸಲ ಯೋಚಿಸಿದೆ.

ಕರ್ನಾಟಕ ಸರಕಾರವು ೨೦೨೪ರ ಜನವರಿಯಲ್ಲಿ ನಗರದ ಟ್ಯಾಕ್ಸಿಗಳಿಗೆ ಏಕರೂಪ ದರವನ್ನು ಗೊತ್ತುಪಡಿಸಿತು. ಹತ್ತು ಲಕ್ಷ ರೂಪಾಯಿಗಿಂತ ಕಡಿಮೆ ಬೆಲೆಯ ಗಾಡಿಗೆ ಮೊದಲ ನಾಲ್ಕು ಕಿಲೋಮೀಟರಿಗೆ ೧೦೦ ರೂಪಾಯಿ, ಅಲ್ಲಿಂದ ಮುಂದೆ ಕಿಲೋಮೀಟರಿಗೆ ೨೪ ರೂಪಾಯಿ. ನಡುರಾತ್ರಿಯಿಂದ ಬೆಳಗಿನ ಆರರವರೆಗೆ ಶೇಕಡಾ ಹತ್ತು ಹೆಚ್ಚು. ತಮ್ಮ ದಾರಿ ೩೬ ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಮೊದಲ ನಾಲ್ಕಕ್ಕೆ ೧೦೦, ಉಳಿದ ೩೨ಕ್ಕೆ ೭೬೮, ಒಟ್ಟು ೮೬೮. ರಸ್ತೆಯ ಸುಂಕ, ತೆರಿಗೆ ಬೇರೆ. ಹಳೆಯ ಅಭ್ಯಾಸ, ಲೆಕ್ಕ ಮಾಡದೆ ಬಿಡಲಾರೆ, ಮನ್ನಿಸಬೇಕು.

ಈಗ ಬಹುಮಂದಿ ಮೊಬೈಲಿನಲ್ಲಿಯೇ ಗಾಡಿ ಕರೆಸುತ್ತಾರೆ. ಹತ್ತುವ ಮೊದಲೇ ಹಣ ಇಷ್ಟೆಂದು ಬರುತ್ತದೆ. ಜಗಳವಿಲ್ಲ, ಒಪ್ಪಿದೆ. ಆದರೆ ಬೆಳಿಗ್ಗೆ ಒಂದು ಸಂಖ್ಯೆ, ಮಳೆ ಬಂದರೆ ಇನ್ನೊಂದು, ಜನ ಹೆಚ್ಚಾದರೆ ಮತ್ತೊಂದು. ಏಕೆ ಹೆಚ್ಚಿತೆಂದು ಕೇಳಿದರೆ ಚಾಲಕನಿಗೂ ತಿಳಿಯದು. ನಮ್ಮಿಂದ ಪಡೆದುದರಲ್ಲಿ ತನ್ನ ಪಾಲೆಷ್ಟೆಂದು ಅವನು ತನ್ನ ಮೊಬೈಲಿನಲ್ಲಿ ಆಮೇಲೆ ನೋಡಿಕೊಳ್ಳಬೇಕು. ನನಗೆ ಇದು ಆ ಹಳೆಯ ೯.೨೦ರಂತೆಯೇ ತೋರುತ್ತದೆ. ವ್ಯತ್ಯಾಸವೆಂದರೆ ಅಂದು ಗುಣಾಕಾರವನ್ನು ತೋರಿಸುವ ಕಾರ್ಡಾದರೂ ಇತ್ತು, ಅದನ್ನು ಬಿಡಿಸಿ ತೋರಿಸುವ ಮನುಷ್ಯನಿದ್ದ. ಇಂದಿನ ಚಾಲಕನನ್ನು ಯಾರಾದರೂ ಕಳ್ಳನೆಂದರೆ ಅವನು ಏನನ್ನು ತೆಗೆದು ತೋರಿಸಬೇಕು?

೨೦೨೩ರ ಅಕ್ಟೋಬರ್ ಕೊನೆಗೆ ಮುಂಬಯಿಯ ಕಟ್ಟಕಡೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯೂ ಸೇವೆಯಿಂದ ನಿವೃತ್ತವಾಯಿತೆಂದು ಪತ್ರಿಕೆಗಳಲ್ಲಿ ಓದಿದೆ. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷಗಳ ಆಯುರ್ಮಾನ; ಆ ಕೊನೆಯ ಗಾಡಿ ನೋಂದಣಿಯಾದದ್ದು ೨೦೦೩ರಲ್ಲಿ, ಅಂದರೆ ನನ್ನ ಮಗ ಹೋದ ವರ್ಷವೇ. ಆ ಮುದುಕರು ಬದುಕಿದ್ದರೆ ಎಂಬತ್ತು ದಾಟಿರಬೇಕು. ಅವರ ಹೆಸರನ್ನು ಕೂಡ ನಾನು ಕೇಳಿರಲಿಲ್ಲ.

ಕಳೆದ ೨೦೨೫ರ ಮಾರ್ಚಿನಲ್ಲಿ ಮಾಟುಂಗಾದ ಅದೇ ಮನೆಯ ಮದುವೆಗೆ ಹೋಗಿದ್ದೆ. ಮಗನು ಮರಳಲು ಹುಬ್ಬಳ್ಳಿಗೆ ವಿಮಾನದ ಟಿಕೆಟ್ಟು ಕಳಿಸಿದ್ದನು. ಮನೆಯ ಹುಡುಗರು ಮೊಬೈಲಿನಲ್ಲಿ ಗಾಡಿ ಕರೆಸುತ್ತೇವೆಂದರೂ ಒಪ್ಪದೆ, ರಸ್ತೆಗೆ ಬಂದು ಕಪ್ಪು ಹಳದಿ ಟ್ಯಾಕ್ಸಿಯನ್ನೇ ಹಿಡಿದೆ. ಆ ವರ್ಷದ ಫೆಬ್ರವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ ೩೧ ರೂಪಾಯಿ, ಮುಂದೆ ಕಿಲೋಮೀಟರಿಗೆ ೨೦ ರೂಪಾಯಿ ೬೬ ಪೈಸೆ ಎಂದು ಮೊದಲೇ ಓದಿಕೊಂಡಿದ್ದೆ. ಇಳಿಯುವಾಗ ಮೀಟರಿನಲ್ಲಿ ೨೯೬ ಇತ್ತು. ಚಾಲಕನಿಗೆ ಇಪ್ಪತ್ತೈದು ವರ್ಷವೂ ಆಗಿರಲಿಕ್ಕಿಲ್ಲ. ಹಣ ಕೊಟ್ಟ ಮೇಲೆ ಚೀಲದಿಂದ ಆ ಹಳೆಯ ಕಾರ್ಡನ್ನು ತೆಗೆದು ತೋರಿಸಿದೆ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, ಇಂಥದ್ದು ತನ್ನ ಅಜ್ಜನ ಬಳಿ ಇತ್ತೆಂದೂ ಸಣ್ಣವನಿದ್ದಾಗ ಅದನ್ನು ಬಾಯಿಪಾಠ ಮಾಡಿದ್ದೆನೆಂದೂ ಹೇಳಿದನು. ತಕ್ಷಣ, "ಐದೂ ಇಪ್ಪತ್ತು, ಆರೂ ನಲವತ್ತು" ಎಂದು ಒಂದೆರಡು ಅಂಕೆಗಳನ್ನು ಹಿಂದಿಯಲ್ಲಿ ಹೇಳಿ, ಬಾಡಿಗೆ ನೆನಪಾಗದೆ ನಕ್ಕನು. ಇದನ್ನು ಇಟ್ಟುಕೊಳ್ಳಪ್ಪಾ ಎಂದು ಹೇಳಬೇಕೆಂದಿದ್ದೆ. ಹಿಂದಿನಿಂದ ಸೀಟಿ ಕೇಳಿಸಿತು. ಈ ಸಲ ಅವನು ಕಾರ್ಡನ್ನು ನೆನಪಿನಿಂದ ನನ್ನ ಕೈಗೆ ಮರಳಿಸಿಯೇ ಹೋದನು.

ಅದೀಗ ನನ್ನ ಜಮಾಖರ್ಚಿನ ವಹಿಯೊಳಗಿದೆ. ಮಡಿಕೆಗಳು ಹರಿದಿವೆ. ರಾತ್ರಿಯ ದರದ ಸಾಲಿನಲ್ಲಿ, ೧೫೦ರ ಮೇಲೆ, ಗ್ರೀಸಿನ ಒಂದು ಬೆರಳಚ್ಚು ಇನ್ನೂ ಹಾಗೆಯೇ ಇದೆ.